ಸುಂಟಿಕೊಪ್ಪದಿಂದ ಹ್ಯಾಂಬರ್ಗ್‌ಗೆ ಇಂಟರ್ನೆಟ್ ಫೋನ್: ಮೂರು ದಾರಿ ಹಿಡಿದು ನೋಡಿದೆ

ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಕಾಫಿ ತೋಟ. ಅಣ್ಣ ಹ್ಯಾಂಬರ್ಗ್‌ನಲ್ಲಿದ್ದುಕೊಂಡು ಅಲ್ಲಿ ಕಾಫಿ ಹುರಿಯುವವರಿಗೆ ನಮ್ಮ ಬೀಜ ಮಾರುತ್ತಾನೆ. ಎರಡೂ ಕಡೆ ಹಳೆಯ ಪಿಸಿಯಲ್ಲಿ ಆಸ್ಟರಿಸ್ಕ್ (ಪಿಸಿಯನ್ನೇ ಟೆಲಿಫೋನ್ ಎಕ್ಸ್‌ಚೇಂಜ್ ಮಾಡುವ ತಂತ್ರಾಂಶ) ಹಾಕಿದ್ದೇವೆ. ವಾಟ್ಸಾಪ್ ಸಾಲದಾ ಅಂತ ಕೇಳಬಹುದು. ಸಾಲುವುದಿಲ್ಲ, ಯಾಕೆಂದರೆ ಕಣ, ಗೋಡೌನ್, ಆಫೀಸು ಎಲ್ಲಿ ಯಾರು ಫೋನ್ ಎತ್ತಿದರೂ ಕಾಲ್ ಅಲ್ಲಿಂದಿಲ್ಲಿಗೆ ಹಾಕಿಕೊಡಬೇಕು.

ಕಳೆದ ಜನವರಿಯಲ್ಲಿ ನಮ್ಮ ರೈಟರ್ ಕಣದಿಂದ ತೇವಾಂಶ "ಹನ್ನೊಂದೂವರೆ" ಅಂದರು, ಅಣ್ಣನಿಗೆ ಕೇಳಿಸಿದ್ದು "ಹನ್ನೊಂದು". ಆ ಅರ್ಧ ದಾರಿಯಲ್ಲೇ ಬಿದ್ದುಹೋಗಿತ್ತು. ಅವತ್ತೇ ಇದನ್ನು ಸರಿಮಾಡಲೇಬೇಕು ಅಂತ ಕೂತೆ.

ಮೊದಲು ಮಾಡಿದ್ದು ನೇರ ಸಿಪ್ ಟ್ರಂಕ್ (ಇಂಟರ್ನೆಟ್ ಕಾಲ್ ಹಚ್ಚುವ ಸಿಪ್ ಪದ್ಧತಿಯಲ್ಲಿ ಎರಡು ಎಕ್ಸ್‌ಚೇಂಜ್ ನಡುವಿನ ಲೈನು), ಜಿ.711 ಕೋಡೆಕ್ (ದನಿಯನ್ನು ಡೇಟಾ ಮಾಡುವ ವಿಧಾನ). ಬೇರೆ ಏನೂ ಬೇಡ, ಸುಲಭ. ಆದರೆ ನಮ್ಮ ಲೈನಿಗೆ ಸ್ವಂತ ಪಬ್ಲಿಕ್ ಐಪಿ (ಹೊರಗಿನವರು ನೇರ ತಲುಪಬಲ್ಲ ಇಂಟರ್ನೆಟ್ ವಿಳಾಸ) ಇಲ್ಲ, ಹಲವು ಗಿರಾಕಿಗಳಿಗೆ ಸೇರಿ ಒಂದೇ ವಿಳಾಸ. ಸಿಪ್ ಕಾಲ್ ಹಚ್ಚುವುದು ಒಂದು ಪೋರ್ಟಿನಲ್ಲಿ (ಡೇಟಾ ಹೋಗಿಬರುವ ನಂಬರಿನ ಬಾಗಿಲು), ದನಿ ಹೋಗುವುದು ಬೇರೆ ಪೋರ್ಟಿನಲ್ಲಿ. ಹೊರಗಿಂದ ಬರುವ ದನಿಗೆ ನಮ್ಮ ದಾರಿ ಸಿಗುವುದಿಲ್ಲ. ಹಾಗಾಗಿ ರಿಂಗ್ ಆಗುತ್ತದೆ, ಎತ್ತುತ್ತಾರೆ, ಒಬ್ಬರ ಮಾತು ಮಾತ್ರ ಕೇಳುತ್ತದೆ. ರೂಟರಿನಲ್ಲಿ ಸಿಪ್ ಎಎಲ್‌ಜಿ (ಸಿಪ್ ಕಾಲಿನೊಳಗಿನ ವಿಳಾಸ ತಿದ್ದುವ ಸೌಲಭ್ಯ) ಆಫ್ ಮಾಡಿದ ಮೇಲೆ ಸ್ವಲ್ಪ ಸುಧಾರಿಸಿತು. ಅಷ್ಟರಲ್ಲಿ ಹ್ಯಾಂಬರ್ಗ್ ಕಡೆ ತೆರೆದಿಟ್ಟ 5060 ಪೋರ್ಟಿಗೆ ಎಲ್ಲೆಲ್ಲಿಂದಲೋ ಪಾಸ್‌ವರ್ಡ್ ಊಹಿಸುವವರು ಬರತೊಡಗಿದರು. ಬೇಡಪ್ಪಾ ಅಂತ ಬಿಟ್ಟೆ.

ಎರಡನೆಯದು ಐಎಎಕ್ಸ್2, ಆಸ್ಟರಿಸ್ಕ್‌ನದೇ ಕಾಲ್ ಪದ್ಧತಿ. ಕಾಲ್, ದನಿ ಎರಡೂ ಒಂದೇ 4569 ಪೋರ್ಟಿನಲ್ಲಿ ಹೋಗುವುದರಿಂದ ಒನ್‌ವೇ ಆಡಿಯೋ ಕಾಟ ಅವತ್ತೇ ನಿಂತಿತು. ನೆಟ್ ಸಣ್ಣದಿದ್ದು, ಏಕಕಾಲಕ್ಕೆ ಹತ್ತು ಕಾಲ್ ಹೋಗುವ ಕಡೆ ಇದೇ ಒಳ್ಳೆಯದು, ಎಲ್ಲ ಕಾಲ್ ಒಂದೇ ಪ್ಯಾಕೆಟಿನಲ್ಲಿ (ಡೇಟಾದ ಸಣ್ಣ ಕಟ್ಟು) ಸೇರಿ ಹೋಗಿ ಡೇಟಾ ಉಳಿಯುತ್ತದೆ. ಆದರೆ ಆ ಒಂದು ಪ್ಯಾಕೆಟ್ ಬಿದ್ದರೆ ಎಲ್ಲ ಕಾಲಿನ ಅಕ್ಷರವೂ ಬಿತ್ತು.

ಈಗ ಇಟ್ಟುಕೊಂಡಿರುವುದು ಮೂರನೆಯದು: ವೈರ್‌ಗಾರ್ಡ್ ವಿಪಿಎನ್ (ಇಂಟರ್ನೆಟ್ ಒಳಗೆ ನಮ್ಮದೇ ಗುಪ್ತ ಸುರಂಗ), ಅದರೊಳಗೆ ಸಿಪ್, ಕೋಡೆಕ್ ಓಪಸ್. ಎರಡು ಪಿಸಿಯೂ ಒಂದೇ ಮನೆಯಲ್ಲಿದ್ದಂತೆ ಮಾತಾಡುತ್ತವೆ. ಹ್ಯಾಂಬರ್ಗ್ ಕಡೆ ಒಂದು ಯುಡಿಪಿ (ಬಿದ್ದ ಪ್ಯಾಕೆಟಿಗೆ ಕಾಯದೆ ಮುಂದೆ ಸಾಗುವ ಪದ್ಧತಿ) ಪೋರ್ಟ್ ತೆರೆದರೆ ಸಾಕು. ನಮ್ಮ ಕಡೆ ಕೀಪ್‌ಅಲೈವ್ (ಸುಮ್ಮನಿದ್ದರೂ ಆಗಾಗ ಕಳಿಸುವ ಖಾಲಿ ಪ್ಯಾಕೆಟ್) 25 ಸೆಕೆಂಡ್ ಇಟ್ಟೆ, ದಾರಿ ಮುಚ್ಚಿಕೊಳ್ಳುವುದಿಲ್ಲ. ಡೇಟಾ ಲೆಕ್ಕ ಹಾಕಿದೆ. ವಿಪಿಎನ್ ಹೊದಿಕೆ ಸೇರಿಸಿ ಜಿ.711ಕ್ಕೆ ಒಂದು ಕಡೆಗೆ ಸೆಕೆಂಡಿಗೆ ಸುಮಾರು 107 ಕಿಲೋಬಿಟ್, 24 ಕಿಲೋಬಿಟ್ ಓಪಸ್‌ಗೆ ಸುಮಾರು 69. ಓಪಸ್‌ನಲ್ಲಿ ಕಳೆದುಹೋದ ತುಣುಕನ್ನು ಮುಂದಿನ ಪ್ಯಾಕೆಟಿನಿಂದ ತುಂಬಿಕೊಳ್ಳುವ ಏರ್ಪಾಡೂ ಇದೆ. ಎರಡೂ ಕಡೆಯ ಫೋನ್ ಓಪಸ್ ಮಾತಾಡಬೇಕು, ಇಲ್ಲದಿದ್ದರೆ ನಡುವೆ ಜಿ.711ಕ್ಕೆ ಇಳಿದು ದನಿ ಮತ್ತೆ ಹಳೆಯ ಟೆಲಿಫೋನಿನಂತೆ ಆಗುತ್ತದೆ. ಟಿಸಿಪಿ (ಬಿದ್ದ ಪ್ಯಾಕೆಟನ್ನು ಮತ್ತೆ ಕಳಿಸುವ ಪದ್ಧತಿ) ಮೇಲೆ ಓಡುವ ವಿಪಿಎನ್ ಮಾತ್ರ ದಯವಿಟ್ಟು ಬೇಡ, ಬಿದ್ದ ಪ್ಯಾಕೆಟ್ ಮತ್ತೆ ಬರುವ ತನಕ ಅದರ ಹಿಂದೆ ಬಂದವೆಲ್ಲ ಕಾಯುತ್ತವೆ.

ಆದರೂ ಸಂಜೆ ನಾಲ್ಕಾದರೆ ದನಿ ಕಡಿದು ಕಡಿದು ಬರುತ್ತಿತ್ತು! ಪಿಂಗ್ (ಒಂದು ಪ್ಯಾಕೆಟ್ ಹೋಗಿ ವಾಪಸ್ ಬರುವ ಸಮಯ) ಹಾಕಿ ನೋಡಿದೆ. ಬೆಳಿಗ್ಗೆ 165 ಮಿಲಿಸೆಕೆಂಡ್, ಸಂಜೆ 600 ದಾಟಿತ್ತು. ಹುಡುಕಿದರೆ, ಕಣದ ಸಿಸಿಟಿವಿ ಆ ಹೊತ್ತಿಗೇ ದಿನದ ವಿಡಿಯೋ ಎಲ್ಲ ಅಪ್‌ಲೋಡ್ ಮಾಡುತ್ತಿತ್ತು. ಮಾತು ಅದರ ಹಿಂದೆ ಕ್ಯೂನಲ್ಲಿ ನಿಂತಿತ್ತು. ನಾನು ಸುಮ್ನೆ ದೂರವನ್ನೂ ಕೋಡೆಕ್ಕನ್ನೂ ಬೈಯುತ್ತಿದ್ದೆ. ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶವಿರುವ ರೂಟರಿನಲ್ಲಿ ಕೇಕ್ (ಡೇಟಾದ ಕ್ಯೂ ಉದ್ದವಾಗದಂತೆ ನೋಡಿಕೊಳ್ಳುವ ಏರ್ಪಾಡು) ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗದ ಶೇಕಡಾ 85ಕ್ಕೆ ಇಟ್ಟೆ. ಸಂಜೆಯೂ 170ರ ಆಸುಪಾಸು. ಮೂರರಲ್ಲಿ ಯಾವ ದಾರಿ ಹಿಡಿದರೂ ಮೊದಲು ಇದನ್ನು ಮಾಡಿ, ನನಗೆ ಕೋಡೆಕ್ ಬದಲಿಸಿದ್ದಕ್ಕಿಂತ ಜಾಸ್ತಿ ಫಲ ಸಿಕ್ಕಿದ್ದು ಇದರಿಂದ.

ಇನ್ನೊಂದು ಮಾತು. ಇದು ನಮ್ಮದೇ ಎರಡು ಆಫೀಸಿನ ಒಳಗಿನ ಮಾತಿಗೆ. ಹೊರದೇಶದಿಂದ ಬಂದ ಕಾಲನ್ನು ಲೈಸೆನ್ಸ್ ಇಲ್ಲದೆ ಇಲ್ಲಿನ ಮೊಬೈಲ್, ಲ್ಯಾಂಡ್‌ಲೈನಿಗೆ ದಾಟಿಸುವುದು ಅಪರಾಧ, ಆ ಕಡೆ ಹೋಗಲೇಬೇಡಿ.

ವೈರ್‌ಗಾರ್ಡ್ ನನ್ನ ಮನಸ್ಸು ಪೂರ್ತಿ ಗೆದ್ದಿದ್ದು ಮಳೆಗಾಲದಲ್ಲಿ. ಜುಲೈನಲ್ಲಿ ಒಂದು ಸಂಜೆ ಮಾತಾಡುತ್ತಿದ್ದಂತೆ ಸಿಲ್ವರ್ ಓಕ್ ಮರ ಫೈಬರ್ ಮೇಲೆ ಬಿತ್ತು. ರೂಟರ್ 4ಜಿ ಡಾಂಗಲಿಗೆ ಜಿಗಿಯಿತು, ನಮ್ಮ ಐಪಿಯೇ ಬದಲಾಯಿತು, ಆದರೆ ಸುರಂಗದ ಒಳಗಿನ ವಿಳಾಸ ಹಾಗೇ ಇತ್ತು. ಏಳೆಂಟು ಸೆಕೆಂಡ್ ಏನೂ ಕೇಳಲಿಲ್ಲ. ಆಮೇಲೆ ಅಣ್ಣ, "ಹಲೋ, ಎಷ್ಟು ಮೂಟೆ ಅಂದೆ?"