ಕೋರ್ 72, ಹಾಟ್‌ಸ್ಪಾಟ್ 103: ಹಳತಾದ ಗ್ರಾಫಿಕ್ಸ್ ಕಾರ್ಡೊಂದರ ವಿಮರ್ಶೆ

ಎನ್‌ವಿಡಿಯಾದ ಆರ್‌ಟಿಎಕ್ಸ್ 3080 ಚಿಪ್ ಇರುವ, ಮೂರು ಫ್ಯಾನಿನ ಕಾರ್ಡ್ ಇದು. ಫ್ರೇಮ್ ರೇಟು, ಕೋರ್ ಲೆಕ್ಕ ಎಲ್ಲ 2020ರಲ್ಲೇ ಎಲ್ಲರೂ ಅರೆದು ಕುಡಿದದ್ದು, ಮತ್ತೆ ಬೇಡ. ವೇಗದ ಬಗ್ಗೆ ಇವತ್ತಿಗೂ ದೂರಿಲ್ಲ. ದೂರಿರುವುದು ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಕಾರ್ಖಾನೆಯಲ್ಲಿ ಮೆತ್ತಿ ಕಳಿಸಿದ ಬೂದು ಪೇಸ್ಟಿನ ಮೇಲೆ.

ಮೊದಲು ಒಳ್ಳೆಯದು. ಬರವಣಿಗೆ, ಬ್ರೌಸರ್ ಕೆಲಸದಲ್ಲಿ ಫ್ಯಾನುಗಳು ಪೂರ್ತಿ ನಿಂತಿರುತ್ತವೆ, ಕ್ಯಾಬಿನೆಟ್ ಇದೆಯೆಂಬುದೇ ಮರೆತುಹೋಗುತ್ತದೆ. ವಿಡಿಯೋ ನೋಡುವಾಗ ಮಾತ್ರ ಕಿರಿಕಿರಿ: ಬಿಸಿ ಮಿತಿ ಮುಟ್ಟಿತು, ಫ್ಯಾನ್ ಗುರ್ ಎಂದಿತು, ಅರ್ಧ ನಿಮಿಷಕ್ಕೆ ತಣಿದು ನಿಂತಿತು, ಮತ್ತೆ ಶುರು. ಕಾರ್ಡಿನ ವೇಗ, ಫ್ಯಾನು ಹೊಂದಿಸುವ ಆಫ್ಟರ್‌ಬರ್ನರ್ ತಂತ್ರಾಂಶದ ಫ್ಯಾನ್ ಪುಟದಲ್ಲಿ ಹಿಸ್ಟರೆಸಿಸ್ (ಫ್ಯಾನ್ ನಿಧಾನವಾಗುವ ಮುನ್ನ ಬಿಸಿ ಎಷ್ಟು ಇಳಿಯಬೇಕೆಂಬ ಅಂತರ) 5 ಡಿಗ್ರಿ ಕೊಟ್ಟರೆ ಈ ಆಟ ಬಹುಪಾಲು ನಿಲ್ಲುತ್ತದೆ. ಇಲ್ಲವಾದರೆ ಕನಿಷ್ಠ ವೇಗ 30% ಇಟ್ಟುಬಿಡಿ. ಒಂದೇ ಸಮ ಬರುವ ಸಣ್ಣ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ, ಬಿಟ್ಟುಬಿಟ್ಟು ಬರುವುದಕ್ಕೆ ಒಗ್ಗುವುದಿಲ್ಲ.

ಇನ್ನು ತಕರಾರು. ಗೇಮ್ ಆಡುವಾಗ ಪರದೆಯ ಮೂಲೆಯಲ್ಲಿ ಕಾಣುವ ಕೋರ್ ಬಿಸಿ, ಅಂದರೆ ಚಿಪ್ಪಿನ ಒಟ್ಟಾರೆ ಬಿಸಿ, 72 ಡಿಗ್ರಿ ಇರುವುದನ್ನು ನೋಡಿ ಎಲ್ಲ ಸರಿಯಿದೆ ಎನ್ನುವಂತಿಲ್ಲ. ಚಿಪ್ಪಿನ ಅತಿ ಬಿಸಿ ಜಾಗವನ್ನು ತೋರಿಸುವುದು ಹಾಟ್‌ಸ್ಪಾಟ್, ಅದು ಸೆನ್ಸರ್ ಓದಿ ತೋರಿಸುವ ಹೆಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ಬೇರೆ ಸಾಲಾಗಿ ಬರುತ್ತದೆ. ಎರಡರ ಅಂತರ 10ರಿಂದ 15 ಇದ್ದರೆ ಆರೋಗ್ಯ. 25 ದಾಟಿದರೆ ಎಲ್ಲೋ ಸಂಪರ್ಕ ಕೆಟ್ಟಿದೆ. ಈ ಕಾರ್ಡಿನಲ್ಲಿ ಅದು 31ಕ್ಕೆ ಹೋಗಿತ್ತು: ಹಾಟ್‌ಸ್ಪಾಟ್ 103, ಕ್ಲಾಕ್ (ಚಿಪ್ಪಿನ ವೇಗ) ಇಳಿಕೆ, ಫ್ಯಾನುಗಳ ಅಬ್ಬರ. ಖರೀದಿಸಿದ ಹೊಸತರಲ್ಲಿ ಹೀಗಿರಲಿಲ್ಲ.

ಕಾರಣ ಪಂಪ್‌ಔಟ್, ಅಂದರೆ ಪೇಸ್ಟು ನಡುವಿನಿಂದ ಹೊರಗೆ ತಳ್ಳಿಹೋಗುವುದು. 628 ಚದರ ಮಿಲಿಮೀಟರಿನ ಚಿಪ್ಪು, ಅದರ ಸುತ್ತಮುತ್ತ ಸೇರಿ 320 ವ್ಯಾಟ್. ಪ್ರೊಸೆಸರಿಗಿರುವಂತೆ ಮೇಲೆ ಲೋಹದ ಮುಚ್ಚಳವಿಲ್ಲ, ಸಿಲಿಕಾನ್ ನೇರವಾಗಿ ತಾಮ್ರಕ್ಕೆ ತಾಗುತ್ತದೆ. ಬಿಸಿಯಾದಾಗ ಎರಡೂ ಹಿಗ್ಗುವುದು ಬೇರೆಬೇರೆ ಪ್ರಮಾಣದಲ್ಲಿ. ಪ್ರತಿ ಸಲ ಕಾದು ತಣಿಯುವಾಗ ಪೇಸ್ಟು ಚೂರುಚೂರೇ ಅಂಚಿಗೆ ಜರುಗಿ ಮಧ್ಯದಲ್ಲಿ ಬರಿದಾಗುತ್ತದೆ. ನೀರುನೀರಾದ ಪೇಸ್ಟಾದರೆ ಬೇಗ. ಇಷ್ಟು ದುಬಾರಿ ಕಾರ್ಡಿಗೆ ಕಂಪನಿ ಪೇಸ್ಟಿನಲ್ಲಿ ಉಳಿತಾಯ ಮಾಡಿದ್ದು ಕ್ಷಮಿಸುವಂಥದ್ದಲ್ಲ.

ಪೇಸ್ಟು ಬದಲಿಸಲು ಕಾರ್ಡ್ ಬಿಚ್ಚುವ ಮುನ್ನ ವಾರಂಟಿ ನಿಯಮ ಓದಿಕೊಳ್ಳಿ, ಸ್ಕ್ರೂ ಮೇಲಿನ ಸ್ಟಿಕರ್ ಸುಮ್ಮನೆ ಇರುವುದಿಲ್ಲ. ಹತ್ತು ನಿಮಿಷ ಗೇಮ್ ಓಡಿಸಿ, ಆಫ್ ಮಾಡಿ, ಪೇಸ್ಟು ಬೆಚ್ಚಗಿರುವಾಗಲೇ ಕೂಲರ್ ಬಿಡಿಸಿದರೆ ಸಲೀಸು. ಸ್ಕ್ರೂಗಳ ಉದ್ದ ಒಂದೇ ಸಮವಿಲ್ಲ. ಹಾಳೆಯ ಮೇಲೆ ಕಾರ್ಡಿನ ಚಿತ್ರ ಗೀಚಿ, ಆಯಾ ಜಾಗದಲ್ಲೇ ಚುಚ್ಚಿಡಿ. ಕೂಲರನ್ನು ಒಮ್ಮೆಗೇ ಎತ್ತಬೇಡಿ, ಫ್ಯಾನಿನ ವೈರು ಇನ್ನೂ ಬೋರ್ಡಿಗೆ ಅಂಟಿಕೊಂಡಿರುತ್ತದೆ. ಅದನ್ನು ವೈರು ಹಿಡಿದು ಎಳೆಯದೆ ಪ್ಲಗ್ ಹಿಡಿದು ಕೀಳಬೇಕು.

ಮೆಮೊರಿಯ ಮೇಲಿನ ಥರ್ಮಲ್ ಪ್ಯಾಡ್ (ಬಿಸಿ ಸಾಗಿಸುವ ಮೆತ್ತನೆ ಪಟ್ಟಿ) ಹರಿಯದಿದ್ದರೆ ಮುಟ್ಟದಿರುವುದೇ ಜಾಣತನ. ಹರಿದರೆ ದಪ್ಪ ಅಳೆಯಬೇಕು, ಅದೂ ಒತ್ತಿಹೋಗದ ಅಂಚಿನಲ್ಲಿ. ಹೊಸದು ದಪ್ಪವಾದರೆ ತಾಮ್ರ ಚಿಪ್ಪಿನ ಮೇಲೆ ಕೂರದೆ ಹಾಟ್‌ಸ್ಪಾಟ್ ಇನ್ನೂ ಕೆಡುತ್ತದೆ. ತೆಳುವಾದರೆ ಮೆಮೊರಿ ತಾಗದೆ 110 ಡಿಗ್ರಿಗೆ ಹೋಗಿ ವೇಗ ಇಳಿಸುತ್ತದೆ. ಅಳತೆಯಲ್ಲಿ ಅನುಮಾನವಿದ್ದರೆ ಪ್ಯಾಡಿನ ಬದಲು ಹಿಟ್ಟಿನಂತಿರುವ ಥರ್ಮಲ್ ಪುಟ್ಟಿ ಹಾಕಿ, ಅದು ತನ್ನ ದಪ್ಪ ತಾನೇ ಹೊಂದಿಸಿಕೊಳ್ಳುತ್ತದೆ.

ಹಳೆ ಪೇಸ್ಟನ್ನು 99% ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ತೆಗೆದ ಮೇಲೆ ಮತ್ತೊಂದು ಪೇಸ್ಟ್ ಹಚ್ಚಿದರೆ ಅದೇ ಕಥೆ ಮರುಕಳಿಸುವ ಸಂಭವವಿದೆ. ಪೇಸ್ಟಿನ ಬದಲು ಬಿಸಿಗೆ ಮೆತ್ತಗಾಗುವ ಹನಿವೆಲ್‌ನ ಪಿಟಿಎಂ 7950 ಹಾಳೆ ಉತ್ತಮ. ಇದೇ ಈ ಕಾರ್ಡಿನಿಂದ ಸಿಕ್ಕ ನಿರೀಕ್ಷಿಸದ ಖುಷಿ. ಚಿಪ್ಪಿಗಿಂತ ಸುತ್ತಲೂ ಒಂದು ಮಿಲಿಮೀಟರ್ ದೊಡ್ಡದಾಗಿ ಕತ್ತರಿಸಿ, ಹದಿನೈದು ನಿಮಿಷ ಫ್ರಿಜ್‌ನಲ್ಲಿಡಿ. ತಣ್ಣಗಿದ್ದರಷ್ಟೇ ಎರಡು ಬದಿಯ ಪ್ಲಾಸ್ಟಿಕ್ ಹರಿಯದೆ ಸುಲಿಯುತ್ತದೆ. ಒಂದು ಬದಿ ಸುಲಿದು ಚಿಪ್ಪಿನ ಮೇಲೆ ಒತ್ತಿ ಕೂರಿಸಿ, ಆಮೇಲೆ ಇನ್ನೊಂದು ಬದಿ. ಚಿಪ್ಪಿನ ಸುತ್ತಲಿನ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳನ್ನು ಎದುರುಬದುರಾಗಿ, ಒಮ್ಮೆಗೆ ಅರ್ಧ ಸುತ್ತಿನಂತೆ ಬಿಗಿಯಿರಿ. ಹಾಳೆ ಸುಮಾರು 45 ಡಿಗ್ರಿಯಲ್ಲಿ ಮೆತ್ತಗಾಗಿ ಹರಡುವುದರಿಂದ ಮೊದಲ ದಿನದ ಸಂಖ್ಯೆ ನೋಡಿ ಬೈಯಬೇಡಿ. ಕೆಲವು ಸಲ ಕಾದು ತಣಿದ ಮೇಲೆ ಇಲ್ಲಿ ಬಂದದ್ದು ಕೋರ್ 67, ಹಾಟ್‌ಸ್ಪಾಟ್ 80.

ಅದರ ಮೇಲೆ ಅಂಡರ್‌ವೋಲ್ಟ್, ಅಂದರೆ ಚಿಪ್ಪಿಗೆ ಕಡಿಮೆ ವೋಲ್ಟೇಜ್ ಕೊಡುವುದು. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಮತ್ತು ಎಫ್ ಒತ್ತಿದರೆ ಯಾವ ವೋಲ್ಟೇಜಿಗೆ ಎಷ್ಟು ವೇಗ ಎಂಬ ವಕ್ರರೇಖೆ ತೆರೆಯುತ್ತದೆ. 850 ಮಿಲಿವೋಲ್ಟಿನ ಚುಕ್ಕೆಯನ್ನು 1800 ಮೆಗಾಹರ್ಟ್ಸಿಗೆ ಎತ್ತಿ, ಅದರ ಬಲಕ್ಕಿರುವುದನ್ನೆಲ್ಲ ಅದೇ ಮಟ್ಟಕ್ಕೆ ಚಪ್ಪಟೆ ಮಾಡಿ. 320 ಇದ್ದದ್ದು 250 ವ್ಯಾಟಿನ ಆಸುಪಾಸಿಗೆ ಇಳಿಯಿತು, ಫ್ರೇಮ್ ನಷ್ಟ ಕಣ್ಣಿಗೆ ಕಾಣದಷ್ಟು. ಎಲ್ಲ ಚಿಪ್ಪೂ ಇದೇ ಸಂಖ್ಯೆಗೆ ಒಪ್ಪಬೇಕೆಂದಿಲ್ಲ. ಬೆಂಚ್‌ಮಾರ್ಕ್ ಪಾಸಾಗಿ, ರೇ ಟ್ರೇಸಿಂಗ್ ಇರುವ ಗೇಮಿನಲ್ಲಿ ಡ್ರೈವರ್ ಕುಸಿಯುವುದು ಸಾಮಾನ್ಯ. ಆಗ 15 ಮೆಗಾಹರ್ಟ್ಸ್ ಇಳಿಸುತ್ತ ಬನ್ನಿ.

ಕಾಯಿಲ್ ವೈನ್, ಅಂದರೆ ಬೋರ್ಡಿನ ಕಾಯಿಲ್‌ಗಳು ಕಂಪಿಸಿ ಬರುವ ಸದ್ದು, ಮಾತ್ರ ಹೋಗಲಿಲ್ಲ. ಗೇಮಿನ ಮೆನು ತೆರೆದು ಫ್ರೇಮ್ ಸಾವಿರ ದಾಟಿದಾಗ ಕೀರಲು ಸದ್ದು ಬರುತ್ತದೆ. ಫ್ರೇಮ್ ಮಿತಿ ಹಾಕಿದರೆ ಅಡಗುತ್ತದೆ, ವಾಸಿಯಾಗುವುದಿಲ್ಲ. ಧೂಳು ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದಿರಿ. ಗಾಳಿಯ ರಭಸಕ್ಕೆ ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ.

ಆರ್‌ಟಿಎಕ್ಸ್ 50 ಸರಣಿಯಲ್ಲಿ ಹಾಟ್‌ಸ್ಪಾಟ್ ಸಂಖ್ಯೆಯನ್ನೇ ತೋರಿಸುವುದಿಲ್ಲವಾದ್ದರಿಂದ ಈ ಪರೀಕ್ಷೆ ಅಲ್ಲಿ ನಡೆಯದು. ಹಳೆಯ 3080 ಕೊಳ್ಳುವವರು ಮಾತ್ರ ಹದಿನೈದು ನಿಮಿಷ ಪೂರ್ತಿ ಲೋಡಿನಲ್ಲಿ ಓಡಿಸಿ ತೆಗೆದ ಹೆಚ್‌ಡಬ್ಲ್ಯೂಇನ್ಫೋ ಚಿತ್ರ ಕೇಳಿ. ಕೋರ್, ಹಾಟ್‌ಸ್ಪಾಟ್, ಮೆಮೊರಿ, ವ್ಯಾಟ್, ಫ್ಯಾನ್ ವೇಗ ಐದೂ ಒಂದೇ ಚಿತ್ರದಲ್ಲಿರಲಿ. ಫ್ಯಾನನ್ನು 100%ಕ್ಕೆ ಏರಿಸಿ 65 ಡಿಗ್ರಿ ತೋರಿಸುವವರೂ ಇದ್ದಾರೆ.