ಅಡಿಕೆ ಬೆಳೆಗಾರರ ಗುಂಪನ್ನು ಐದಾಗಿ ಒಡೆದ ಮೇಲೆ: ವಾಟ್ಸ್‌ಆ್ಯಪ್ ಕಮ್ಯುನಿಟಿಯ ಅನುಭವ

ಹಲವು ಗುಂಪುಗಳನ್ನು ಒಂದೇ ಸೂರಿನಡಿ ತರುವ ವಾಟ್ಸ್‌ಆ್ಯಪ್‌ನ ಕಮ್ಯುನಿಟಿ ಸೌಲಭ್ಯಕ್ಕೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಅದರಲ್ಲಿ ಮೂರು, ಅಡಿಕೆಯ ರೋಗಗಳನ್ನು ಚರ್ಚಿಸುವ ನಮ್ಮ ಗುಂಪೊಂದಕ್ಕೇ ಸಲ್ಲಬೇಕು. ಉಳಿದ ಅರ್ಧವನ್ನು ಮಿಕ್ಕ ಗುಂಪುಗಳು ಹಂಚಿಕೊಳ್ಳಲಿ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯಾ ಸುತ್ತಿನ ಅಡಿಕೆ ಬೆಳೆಗಾರರಾದ ನಮಗೆ ಮೊದಲು ಒಂದೇ ಗುಂಪಿತ್ತು. ಒಂದು ಗುಂಪಿನಲ್ಲಿ 256 ಜನ ಎಂಬ ಮಿತಿ 512 ಆಯಿತು, 2022ರ ನವೆಂಬರಿನಲ್ಲಿ 1024 ಆಯಿತು. ಮಿತಿ ಏರಿದ ಹಾಗೆ ಜನ ಸೇರಿದರು. ಜನ ಸೇರಿದ ಹಾಗೆ ಶುಭೋದಯ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ, ಮಾರಾಟಕ್ಕಿರುವ ದನ, ಮಂಗಳೂರಿನ ಧಾರಣೆ ಎಲ್ಲವೂ ಒಟ್ಟಿಗೆ ಸುರಿಯತೊಡಗಿದವು. ಸೋಗೆಯಲ್ಲಿ ಚುಕ್ಕಿ ಕಂಡು ಗಾಬರಿಯಾದವರು ಬೆಳಿಗ್ಗೆ ಫೋಟೊ ಹಾಕಿದರೆ, ಸಂಜೆಯ ಹೊತ್ತಿಗೆ ಅದರ ಕೆಳಗೆ ಯಾರೋ ಕೈಮುಗಿದ ಚಿತ್ರ ಅಂಟಿಸಿ ಹೋಗಿರುತ್ತಿದ್ದರು. ಉತ್ತರ ಮಾತ್ರ ಇಲ್ಲ.

ಕಮ್ಯುನಿಟಿ ಬಂದದ್ದೂ ಅದೇ ನವೆಂಬರಿನಲ್ಲಿ. ಮೇಲೊಂದು ಪ್ರಕಟಣೆಯ ಗುಂಪು, ಅದರಲ್ಲಿ ಪ್ರಕಟಣೆ ಹಾಕುವುದು ನಿರ್ವಾಹಕರು ಮಾತ್ರ. ಅದರ ಕೆಳಗೆ ಬೇಕಾದ ವಿಷಯಕ್ಕೊಂದು ಗುಂಪು. ಯಾರಿಗೆ ಯಾವುದು ಬೇಕೋ ಅದಕ್ಕೆ ಸೇರಬಹುದು. ನಾವು ಮಾಡಿಕೊಂಡದ್ದು ಐದು: ರೋಗ, ಧಾರಣೆ, ಕೆಲಸದವರು, ಯಂತ್ರ, ಕಾಗದಪತ್ರ.

ರೋಗದ ಗುಂಪು ನಮ್ಮಲ್ಲಿ ಹಲವರ ತೋಟ ಉಳಿಸಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಅಲ್ಲಿ ಒಂದು ಕಟ್ಟುನಿಟ್ಟಿದೆ. ಒಂದೇ ಫೋಟೊ ಹಾಕಿ "ಇದೇನು?" ಎಂದು ಕೇಳುವಂತಿಲ್ಲ. ಇಡೀ ಮರದ್ದೊಂದು, ಸೋಗೆಯದೊಂದು, ಗರಿಯನ್ನು ಹತ್ತಿರದಿಂದ ತೆಗೆದದ್ದೊಂದು ಬೇಕು. ಕಂದು ಚುಕ್ಕಿಯ ಸುತ್ತ ಹಳದಿ ಅಂಚು ಕಂಡರೆ ಎಲೆಚುಕ್ಕಿಯ ಕಡೆಗೆ ಮಾತು ಹೋಗುತ್ತದೆ. ಚುಕ್ಕಿಯೇ ಇಲ್ಲದೆ ಗರಿಯ ತುದಿಯಿಂದ ಹಳದಿ ಇಳಿದಿದ್ದರೆ, "ಮಾವ, ಒಂದು ಅಡಿಕೆ ಒಡೆದು ತಿರುಳು ತೋರಿಸಿ" ಎಂದು ಯಾರಾದರೂ ಹುಡುಗರು ಬರೆಯುತ್ತಾರೆ. ತಿರುಳು ಕಪ್ಪಾಗಿದ್ದರೆ ಹಳದಿ ರೋಗದ ಅನುಮಾನ. ನೀರು ನಿಂತ ತೋಟದಲ್ಲಿಯೂ ಸೋಗೆ ಹಳದಿಯಾಗುತ್ತದೆ, ಆದ್ದರಿಂದ ಚರಂಡಿಯ ಫೋಟೊವನ್ನೂ ಕೇಳುವುದುಂಟು. ತೀರ್ಮಾನವಾಗದಿದ್ದರೆ ಸೋಗೆ ಕಟ್ಟಿಕೊಂಡು ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐಗೆ ಹೋಗುವುದು ಇದ್ದೇ ಇದೆ. ಆದರೆ ಅಲ್ಲಿಗೆ ಹೋಗುವ ಮೊದಲೇ ಏನು ಕೇಳಬೇಕೆಂದು ತಿಳಿದಿರುತ್ತದೆ. ಹಳೆಯ ಗುಂಪಿನಲ್ಲಿ ಇಷ್ಟು ಪ್ರಶ್ನೋತ್ತರ ಒಂದೇ ಎಳೆಯಲ್ಲಿ ನಡೆಯುವುದು ಸಾಧ್ಯವೇ ಇರಲಿಲ್ಲ.

ಈ ಶಿಸ್ತನ್ನು ತಂದದ್ದು ಸೌಲಭ್ಯವಲ್ಲ, ಅಲ್ಲಿನ ನಿವೃತ್ತ ಮಾಸ್ತರರು. ಜಾತ್ರೆಯ ಫೋಟೊ ಬಂದರೆ ಅಳಿಸಿ, ಹಾಕಿದವರಿಗೆ ಪ್ರತ್ಯೇಕವಾಗಿ ಫೋನು ಮಾಡಿ ನಯವಾಗಿ ಹೇಳುತ್ತಾರೆ. ಅಂಥವರೊಬ್ಬರು ಸಿಗದ ಗುಂಪನ್ನು ತೆರೆಯಲೇಬಾರದು ಎಂಬುದು ನನ್ನ ಅಭಿಪ್ರಾಯ.

ನನಗೆ ಸಮಾಧಾನವಿಲ್ಲದ್ದು ಪಿನ್ ವಿಷಯದಲ್ಲಿ. ಮಳೆಗಾಲದಲ್ಲಿ ಅಡಿಕೆಗೆ ತಗಲುವ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ಮಿಶ್ರಣದ ಅಳತೆಯನ್ನು ಮೇಲೆ ಪಿನ್ ಮಾಡಿಡುತ್ತೇವೆ: ಒಂದು ಕಿಲೊ ಮೈಲುತುತ್ತು 50 ಲೀಟರ್ ನೀರಿಗೆ, ಒಂದು ಕಿಲೊ ಸುಣ್ಣ ಇನ್ನೊಂದು 50 ಲೀಟರಿಗೆ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು, ಕತ್ತಿಯ ಅಲಗು ಅದ್ದಿದಾಗ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ಪಿನ್ ನಿಲ್ಲುವುದು ಹೆಚ್ಚೆಂದರೆ 30 ದಿನ. ಕೊಳೆರೋಗಕ್ಕೆ ಎರಡನೆಯ ಸಲ ಔಷಧಿ ಹೊಡೆಯುವುದು 40–45 ದಿನಕ್ಕೆ! ಬೇಕಾಗುವ ಹೊತ್ತಿಗೆ ಸರಿಯಾಗಿ ಅಳತೆ ಮಾಯ. ಹೊಸದಾಗಿ ಸೇರಿದವರಿಗೆ ಹಳೆಯ ಚರ್ಚೆ ತಾನಾಗಿ ಕಾಣುವುದೂ ಇಲ್ಲ, ಹಾಗಾಗಿ ಪ್ರತಿ ಮಳೆಗಾಲವೂ ಅದೇ ಪ್ರಶ್ನೆ ಹೊಸದಾಗಿ ಹುಟ್ಟುತ್ತದೆ.

ಕಾಗದಪತ್ರದ ಗುಂಪು ಇಷ್ಟು ಉಪಯೋಗಕ್ಕೆ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಕನ್ನಡ ಶಾಲೆಯಲ್ಲಿ ಓದಿದ ನಮ್ಮಲ್ಲಿ ಅನೇಕರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬಾರದು. ಸಹಾಯಧನದ ಅರ್ಜಿಯ ಯಾವ ಸಾಲಿನಲ್ಲಿ ಸರ್ವೆ ನಂಬರ್, ಯಾವುದರಲ್ಲಿ ತೆರಿಗೆ ರಸೀದಿಯ ನಂಬರ್ ಎಂದು ಎರಡೂ ಲಿಪಿ ಬಲ್ಲ ಕೆಲವು ಹೆಣ್ಣುಮಕ್ಕಳು ಬಾಣದ ಗುರುತು ಹಾಕಿ ತೋರಿಸುತ್ತಾರೆ. ಒಬ್ಬರು ಕೇಳಿದರೆ ಹತ್ತು ಜನರ ಅರ್ಜಿ ತುಂಬುತ್ತದೆ. ಸರ್ಕಾರಿ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದ ಬಾಗಿಲಲ್ಲಿ ತಬ್ಬಿಬ್ಬಾಗಿ ನಿಲ್ಲುವುದು ತಪ್ಪಿತು.

ಧಾರಣೆಯದು ಬೇರೆಯೇ ಕಥೆ. ಹೊಸತು, ಹಳತು, ಡಬಲ್ ಚೋಲ್, ಪಟೋರ, ಕರಿಗೋಟು ಎಂದು ಅಡಿಕೆಯ ಒಂದೊಂದು ಬಗೆಯ ದರ ಹೇಳುವ ಪಟ್ಟಿ ದಿನಕ್ಕೊಂದು ಸಾಕು, ಚರ್ಚೆ ಬೇಡವೆಂದು ನಿರ್ವಾಹಕರಿಗೆ ಮಾತ್ರ ಬರೆಯಲು ಬಿಟ್ಟೆವು. ಚರ್ಚೆ ನಿಂತಿತೇ? ದರ ಏರಿದ ದಿನ ಅದು ಕೆಲಸದವರ ಗುಂಪಿಗೆ ನುಗ್ಗುತ್ತದೆ. ಕೊಯ್ಲಿಗೆ ಜನ ಹುಡುಕುವವರು, ಅಡಿಕೆಯನ್ನು ಈಗಲೇ ಮಾರಬೇಕೋ ಇಟ್ಟುಕೊಳ್ಳಬೇಕೋ ಎಂಬ ವಾಗ್ವಾದದ ನಡುವೆ ದಾರಿ ಮಾಡಿಕೊಳ್ಳಬೇಕು. ಒಮ್ಮೆ ಫಾರ್ವರ್ಡ್ ಆಗಿ ಬಂದ ಸಂದೇಶವನ್ನು ಸಲಕ್ಕೆ ಒಂದೇ ಗುಂಪಿಗೆ ಕಳುಹಿಸಲು ಆಗುವುದರಿಂದ ಐದೂ ಕಡೆ ಒಂದೇ ಏಟಿಗೆ ಸುರಿಯುವುದಿಲ್ಲ ಎಂಬುದಷ್ಟೇ ನೆಮ್ಮದಿ.

ಹಿರಿಯರು ಹಲವರು ಪ್ರಕಟಣೆಯ ಗುಂಪಿನಲ್ಲೇ ಉಳಿದರು. "ಒಂದು ಸಾಕು ಮಾರಾಯ, ಮೊಮ್ಮಗ ಉಳಿದದ್ದನ್ನು ಓದಿ ಹೇಳುತ್ತಾನೆ" ಎನ್ನುತ್ತಾರೆ. ಅವರ ಹಳೆಯ ಅನುಭವ ರೋಗದ ಗುಂಪಿಗೆ ಬಾರದಿರುವುದು ನಷ್ಟವೇ. ಪ್ರಕಟಣೆಯ ಗುಂಪಿನಲ್ಲಿ ಸಾಮಾನ್ಯ ಸದಸ್ಯರಿಗೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣದಿರುವುದು ಮಹಿಳೆಯರಿಗೆ ಅನುಕೂಲ, ಅವರ ಸಂಖ್ಯೆ ಈಗ ಹೆಚ್ಚಿದೆ.

ಯಂತ್ರದ ಗುಂಪು ತಣ್ಣಗಾಗಿದೆ. ಮಳೆಗಾಲಕ್ಕೆ ಮುಂಚೆ ಅದನ್ನು ಮುಚ್ಚಿ ಅಲ್ಲಿನವರನ್ನು ರೋಗದ ಗುಂಪಿಗೆ ಕರೆಯುವ ಮಾತಾಗಿದೆ. ಜೂನ್ ತಿಂಗಳಲ್ಲಿ ಔಷಧಿ ಪಂಪು ಕೈಕೊಟ್ಟವರಿಗೆ ಯಂತ್ರ ಬೇರೆ, ಕೊಳೆರೋಗ ಬೇರೆ ಎಂದರೆ ಅವರು ಒಪ್ಪುವುದಿಲ್ಲ.