ವಿನೆಗರ್, ಸಿಟ್ರಿಕ್ ಆಮ್ಲ, ಅಡುಗೆ ಸೋಡಾ, ವಾಷಿಂಗ್ ಸೋಡಾ: ಯಾವ ಕೊಳೆಗೆ ಯಾವುದು?

ಅಡುಗೆ ಸೋಡಾ ಉದುರಿಸಿ, ಮೇಲೆ ವಿನೆಗರ್ ಸುರಿದು, ಬುಸ್ಸೆಂದು ನೊರೆ ಉಕ್ಕಿಸುವ ವಿಡಿಯೋ ನೋಡದವರು ಕಡಿಮೆ. ನೋಡೋಕೆ ಚೆಂದ. ಆದರೆ ನಾಲ್ಕನ್ನೂ ಬಿಡಿಬಿಡಿಯಾಗಿ ಬಳಸಿ ನೋಡಿದ ಮೇಲೆ, ನಾನು ಕೊನೆಯ ಸ್ಥಾನ ಕೊಡುವುದು ಈ ಜೋಡಿಗೇ. ಒಂದು ಆಮ್ಲ, ಇನ್ನೊಂದು ಕ್ಷಾರ. ಸೇರಿದ ಕೂಡಲೇ ಒಂದರ ಕಸುವನ್ನು ಇನ್ನೊಂದು ಕಳೆದುಬಿಡುತ್ತದೆ. ಉಕ್ಕುವುದು ಬರೀ ಕಾರ್ಬನ್ ಡೈಆಕ್ಸೈಡ್. ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು. ಅದಕ್ಕೆ ಜಿಡ್ಡೂ ಬಗ್ಗುವುದಿಲ್ಲ, ಸಿಂಕ್ ಕೊಳವೆಯಲ್ಲಿ ಸಿಕ್ಕಿಕೊಂಡ ಕೂದಲೂ ಬಗ್ಗುವುದಿಲ್ಲ.

ನಲ್ಲಿ, ಶವರ್, ಕೆಟಲ್ ಮೇಲೆ ಗಡಸು ನೀರು ಬಿಡುವ ಬಿಳಿ ಪದರ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಇದಕ್ಕೆ ಆಮ್ಲವೇ ಬೇಕು, ಸೋಡಾ ಹಾಕಿ ಎಷ್ಟು ಉಜ್ಜಿದರೂ ಸುಮ್ನೆ ಕೈನೋವು. ಹಳೇ ಬಟ್ಟೆಯ ಚೂರನ್ನು ವಿನೆಗರ್‌ನಲ್ಲಿ ಅದ್ದಿ ನಲ್ಲಿಯ ಬುಡಕ್ಕೆ ಸುತ್ತಿ ಅರ್ಧ ಗಂಟೆ ಬಿಟ್ಟೆ. ಬಿಚ್ಚಿದಾಗ ಪದರದ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಏಳುತ್ತಿದ್ದವು. ಹಳೇ ಹಲ್ಲುಜ್ಜುವ ಬ್ರಷ್ ಆಡಿಸಿದರೆ ಗಟ್ಟಿಯಾಗಿದ್ದದ್ದು ಮೆತ್ತಗಾಗಿ ಚಕ್ಕೆ ಚಕ್ಕೆಯಾಗಿ ಬಂತು. ಸಿಟ್ರಿಕ್ ಆಮ್ಲವೂ ಇದೇ ಕೆಲಸ ಮಾಡಿತು, ಮೂಗಿಗೆ ಹೊಡೆಯುವ ವಾಸನೆ ಇಲ್ಲದೆ. ಬಾಟಲಿಯ ವಿನೆಗರ್‌ನಲ್ಲಿ ಆಮ್ಲ ಸಾಮಾನ್ಯವಾಗಿ ನೂರಕ್ಕೆ 4-5 ಭಾಗ ಅಷ್ಟೇ. ಸಿಟ್ರಿಕ್ ಆಮ್ಲ ಪುಡಿಯಾದ್ದರಿಂದ ಹಠಮಾರಿ ಪದರಕ್ಕೆ ಒಂದು ಚಮಚ ಜಾಸ್ತಿ ಹಾಕಿಕೊಳ್ಳಬಹುದು. ನಲ್ಲಿಗೆ, ಕೆಟಲ್‌ಗೆ ನನ್ನ ಮತ ಅದಕ್ಕೇ.

ಕನ್ನಡಿ, ಕಿಟಕಿ ಗಾಜಿಗೆ ಮಾತ್ರ ವಿನೆಗರ್ ಗೆದ್ದಿತು. ಅದು ಪೂರ್ತಿ ಆರಿಹೋಗುತ್ತದೆ, ಸಿಟ್ರಿಕ್ ಆಮ್ಲ ಒಣಗಿದ ಮೇಲೆ ಮಬ್ಬು ಗೆರೆ ಉಳಿಸುತ್ತದೆ. ಅಮೃತಶಿಲೆಯ ಹತ್ತಿರ ಎರಡನ್ನೂ ತರಬೇಡಿ. ಆ ಕಲ್ಲೇ ಕ್ಯಾಲ್ಸಿಯಂ ಕಾರ್ಬೊನೇಟ್, ನಲ್ಲಿಯ ಪದರದ ಗತಿಯೇ ಅದಕ್ಕೂ.

ಇನ್ನು ಒಲೆಯ ಸುತ್ತಲಿನ ಅಂಟು ಜಿಡ್ಡು. ಇಲ್ಲಿ ಎರಡು ಸೋಡಾಗಳ ನಡುವಿನ ಅಂತರ ಇಷ್ಟಿರುತ್ತದೆ ಅಂದುಕೊಂಡಿರಲಿಲ್ಲ. ಅಡುಗೆ ಸೋಡಾದ ನೀರಿನ ಪಿಎಚ್ (7 ದಾಟಿ ಏರಿದಷ್ಟೂ ಕ್ಷಾರ ಜೋರು) ಸುಮಾರು 8, ವಾಷಿಂಗ್ ಸೋಡಾದ್ದು ಸುಮಾರು 11. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಒರೆಸಿದರೆ, ಹಳದಿಗಟ್ಟಿ ಕೂತಿದ್ದ ಎಣ್ಣೆ ಬಟ್ಟೆಗೆ ಜಾರಿಕೊಂಡು ಬರುತ್ತದೆ. ಕ್ಷಾರ ಜಿಡ್ಡಿನ ಒಂದು ಪಾಲನ್ನು ಸೋಪಾಗಿಯೇ ಮಾಡಿಬಿಡುತ್ತದೆ, ಅದಕ್ಕೇ ಬೆರಳಿಗೆ ನುಣುಪು ನುಣುಪು ಅನ್ನಿಸೋದು. ಆದರೆ ಬೆರಳಿನ ಚರ್ಮದಲ್ಲೂ ಎಣ್ಣೆ ಇದೆ ಅಲ್ವಾ? ಕೈಗವಸು ಬೇಕೇ ಬೇಕು. ಅಲ್ಯೂಮಿನಿಯಂ ಪಾತ್ರೆಗೆ, ಚಿಮಣಿಯ ಅಲ್ಯೂಮಿನಿಯಂ ಜಾಲರಿಗೆ ಇದು ಬೇಡ, ಕಪ್ಪಾಗುತ್ತದೆ. ಪಾತ್ರೆ ತೊಳೆಯುವ ಸೋಪೇ ವಾಸಿ.

ಹಾಗಂತ ಅಡುಗೆ ಸೋಡಾ ದಂಡ ಅಲ್ಲ. ಉಜ್ಜುವ ಪುಡಿಯಾಗಿ ಅದು ಬಲು ಚೆನ್ನ. ಚಹಾ ಕಪ್ಪಿನ ಒಳಗಿನ ಕಂದು ಬಳೆ, ಸ್ಟೀಲ್ ಸಿಂಕ್, ತಳ ಹಿಡಿದ ಸ್ಟೀಲ್ ಪಾತ್ರೆ: ಒದ್ದೆ ಬಟ್ಟೆಗೆ ಚಿಟಿಕೆ ಹಾಕಿ ತಿಕ್ಕಿದರೆ ಸಾಕು, ಗೀರು ಬೀಳುವುದಿಲ್ಲ. ಚೆನ್ನಾಗಿ ತೊಳೆಯದಿದ್ದರೆ ಬಿಳಿ ಪುಡಿ ಉಳಿಯುತ್ತದೆ, ಅಷ್ಟೇ ತಕರಾರು.

ರೋಗಾಣು ಕೊಲ್ಲುವ ವಿಷಯದಲ್ಲಿ ಈ ನಾಲ್ಕನ್ನೂ ನಂಬಿ ಕೂರಬೇಡಿ. ಹಸಿ ಮಾಂಸ ತಾಗಿದ ಹಲಗೆಗೆ, ಕಾಯಿಲೆಯವರು ಬಳಸಿದ ಬಚ್ಚಲಿಗೆ ಮೊದಲು ಸೋಪು ನೀರು, ಆಮೇಲೆ ಬೇಕಿದ್ದರೆ ಬ್ಲೀಚ್. ಬ್ಲೀಚ್ ಹಾಕುವ ದಿನ ವಿನೆಗರ್, ಸಿಟ್ರಿಕ್ ಆಮ್ಲ ಎರಡನ್ನೂ ದೂರ ಇಡಿ. ಬೆರೆತರೆ ಬರುವುದು ಕ್ಲೋರಿನ್ ಅನಿಲ, ಬಾಗಿಲು ಮುಚ್ಚಿದ ಬಚ್ಚಲಲ್ಲಂತೂ ಜೀವಕ್ಕೇ ಅಪಾಯ.